ರಸ್ತೆ ಕಡೆಯ ಟ್ಯಾಂಕು

ನೀರಿನ ಟ್ಯಾಂಕಿನ ಮಾತನ್ನು ತಮ್ಮ ಇವತ್ತೂ ಎತ್ತಲಿಲ್ಲ. ತಿಂಡಿಯ ತಟ್ಟೆಯನ್ನು ಅವನ ಕೋಣೆಯ ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಹಾಗೇ ಹೋಗಿಬಿಡದೆ ಅವಳು ಕೈಚೀಲದಲ್ಲಿ ಏನೋ ಹುಡುಕುವ ನೆಪದಲ್ಲಿ ನಿಂತಳು. ಒಳಗಿನಿಂದ ಎಂಜಿನ್ನಿನ ಸದ್ದು ಬರುತ್ತಿತ್ತು. ಎರಡು ಪುಟ್ಟ ಸ್ಪೀಕರುಗಳಿಂದ ಹೊರಟು ಬಾಗಿಲ ಹಲಗೆಯಲ್ಲಿ ಸಣ್ಣಗೆ ನಡುಗುವ ಆ ಸದ್ದು ಈ ಮನೆಯಲ್ಲಿ ಫ್ರಿಜ್ಜಿನ ಸದ್ದಿನಷ್ಟು ಹಳತಾಗಿತ್ತು. ನಿಂತಾಗ ಮಾತ್ರ ಅದು ಇತ್ತೆಂದು ತಿಳಿಯುತ್ತಿತ್ತು. ಕೇಳಿ ಕೇಳಿ ಅವಳಿಗೆ ಅದರ ಭಾಷೆ ಬಂದಿತ್ತು. ವಿಮಾನ ಒಂದೇ ಜಾಗದ ಮೇಲೆ ಸುತ್ತುತ್ತಿದ್ದರೆ ಸದ್ದು ಏರುತ್ತ ಇಳಿಯುತ್ತ ತೂಗುತ್ತದೆ. ನೇರ ಹೋಗುತ್ತಿದ್ದರೆ ಗೆರೆ ಎಳೆದಂತೆ ಒಂದೇ ಸಮ. ಈಗ ತೂಗುತ್ತಿತ್ತು. ಯಾವುದರ ಮೇಲೆ ಸುತ್ತುತ್ತಿದ್ದಾನೆ? ಕೇಳಬಹುದಿತ್ತು. ಬಾಗಿಲಿಗೂ ತನ್ನ ಬಾಯಿಗೂ ಒಂದು ಗೇಣು ದೂರವಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, ಅವನು ಈಗ ಯಾವ ದೇಶದಲ್ಲಿದ್ದಾನೆ, ಅಲ್ಲಿ ತಿಂಡಿಯ ಹೊತ್ತಾಗಿದೆಯೋ ಇಲ್ಲವೋ ಕೇಳು ಅಂದಳು. ಮೊದಮೊದಲು ಇದು ಜೋಕಾಗಿತ್ತು, ಮೂವರೂ ನಗುತ್ತಿದ್ದರು. ಈಗ ಅಮ್ಮ ಅದನ್ನು ಹಾಲು ಬಂತಾ ಅನ್ನುವ ದನಿಯಲ್ಲೇ ಕೇಳುತ್ತಾಳೆ, ಉತ್ತರಕ್ಕೂ ಕಾಯುವುದಿಲ್ಲ.

ಈ ಊರಲ್ಲೇ ಇದ್ದಾನೆ, ಅಂದುಕೊಂಡಳು ಅವಳು, ಮೆಟ್ಟಿಲಿಳಿಯುತ್ತ. ಈ ಊರಲ್ಲೇ, ನಾನು ಮಾಡಿಕೊಟ್ಟ ಊರಲ್ಲಿ. ಕಂಪ್ಯೂಟರಿನ ಆ ವಿಮಾನವನ್ನು ಆಟ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಸಿಮ್ಯುಲೇಟರ್ ಅನ್ನಬೇಕು. ಮನೆಯ ಕುರ್ಚಿಯಲ್ಲಿ ಕೂತು ಜಗತ್ತಿನ ಮೇಲೆಲ್ಲ ಹಾರಬಹುದು. ಆದರೆ ಕೊಂಡಾಗ ಅದರೊಳಗೆ ಬರುವ ಜಗತ್ತು ಬರೀ ಒರಟು ನಕಲು, ದೊಡ್ಡ ಊರುಗಳಿಗೂ ಎಲ್ಲೆಲ್ಲಿಯೋ ಕಂಡ ಅವೇ ಮನೆ, ಅವೇ ಮರ. ನಮ್ಮೂರು ನಮ್ಮೂರಿನ ಹಾಗೇ ಕಾಣಬೇಕು ಅನ್ನುವವರಿಗಾಗಿ ಊರನ್ನು ಬೇರೆಯಾಗಿ ಮಾಡಿ ಮಾರುವ ಸಣ್ಣ ಸಣ್ಣ ಕಂಪನಿಗಳಿವೆ. ಅಂಥದೊಂದರಲ್ಲಿ ಅವಳಿಗೆ ಕೆಲಸ. ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಕಾಣದೆ, ಬಣ್ಣಗುರುಡಿದೆ, ಪೈಲಟ್ ತರಬೇತಿಗೆ ಆಗುವುದಿಲ್ಲ ಅನ್ನಿಸಿಕೊಂಡು ಬಂದ ದಿನ ತಮ್ಮ ಶೂ ಬಿಚ್ಚಿ ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟವನು ಮತ್ತೆ ಹಾಕಿಕೊಂಡಿಲ್ಲ. ಅಮ್ಮ ಆಗಾಗ ಅದರ ಧೂಳು ಒರೆಸುತ್ತಾಳೆ. ಈ ಕೆಲಸಕ್ಕೆ ತಾನು ಸೇರಿದ್ದೂ ಅವನಿಗಾಗಿಯೇ. ಊರು ಚೆನ್ನಾಗಿ ಕಂಡರೆ ಊರಿಗೆ ಹೋಗಬೇಕು ಅನ್ನಿಸೀತು ಎಂದು. ಈಗ ಒಂದೊಂದು ಕಟ್ಟಡ ಮುಗಿದಾಗಲೂ ಅನುಮಾನ ಬರುತ್ತದೆ. ಕೆರೆಯ ಏರಿ ಮುಗಿಸಿದ ವಾರ ಅವನು, ಅಕ್ಕ, ಕೆರೆ ನೋಡ್ಕೊಂಡು ಬಂದೆ ಕಣೇ, ಅಂದಿದ್ದ, ಎಷ್ಟು ನೆಮ್ಮದಿಯಿಂದ ಅಂದರೆ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅವಳು ಸುಮ್ಮನೆ ನಿಂತಿದ್ದಳು. ಅವನ ಬಾಗಿಲಿಗೆ ಹೊರಗಿನಿಂದ ಇಟ್ಟಿಗೆ ಜೋಡಿಸುತ್ತಿರುವವಳು ತಾನೇ, ಒಂದೊಂದನ್ನೂ ನುಣುಪು ಮಾಡಿ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಟ್ಟಡ ನೋಡುವ ಚಟ ಹತ್ತಿ ಅವಳಿಗೆ ಮುಖ ನೋಡುವುದು ಬಿಟ್ಟುಹೋಗಿದೆ. ಯಾವ ಗೋಡೆಗೆ ನೀರಿನ ಕಲೆ ಇಳಿದಿದೆ, ಯಾವ ತಾರಸಿಯ ಮೇಲೆ ಕಬ್ಬಿಣದ ಸರಳು ಬಿಟ್ಟಿದ್ದಾರೆ, ಯಾವುದಕ್ಕೆ ಹಗಲಿನ ಒಂದು ಚಿತ್ರ ಸಾಕು, ಯಾವುದಕ್ಕೆ ರಾತ್ರಿ ದೀಪ ಹಚ್ಚಬೇಕು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಎರಡನೇ ಮಹಡಿಯ ಕಿಟಕಿಯೊಂದನ್ನು ಹೀಗೇ ದಿಟ್ಟಿಸುತ್ತಿದ್ದಳು. ಅಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಹೆಂಗಸು ಇವಳನ್ನೊಮ್ಮೆ ನೋಡಿ ಪರದೆ ಎಳೆದುಬಿಟ್ಟಳು. ನಿಮ್ಮನ್ನಲ್ಲ, ಕಿಟಕಿಯ ಚೌಕಟ್ಟನ್ನು, ಎಂದು ಹೇಳಲು ಬಾಯಿ ತೆರೆದವಳಂತೆ ಪಕ್ಕದವರ ಕಡೆ ತಿರುಗಿ, ಮತ್ತೆ ಮಡಿಲು ನೋಡುತ್ತ ಕೂತಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಕೊಟ್ಟದ್ದು ಜನರನ್ನು ಅಳಿಸುವ ಕೆಲಸ. ಬೀದಿಯಲ್ಲಿ ನಿಂತು ತೆಗೆದ ಗೋಡೆಗಳ ಫೋಟೋಗಳಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡೇ ಇರುತ್ತಾರೆ. ಬಾಗಿಲಿಗೆ ಒರಗಿದವರು, ಸ್ಕೂಟರ್ ಒದೆಯುತ್ತಿರುವವರು. ಅವರ ಮೇಲೆ ಪಕ್ಕದ ಗೋಡೆಯ ಬಣ್ಣ ಬಳಿದು ಮುಚ್ಚಬೇಕು. ಮೇಲಿನಿಂದ ನೋಡುವವರಿಗೆ ಜನ ಬೇಕಾಗಿಲ್ಲಮ್ಮ, ಕಸದ ಹಾಗೆ ಕಾಣ್ತಾರೆ, ಎಂದು ಕ್ಯಾಪ್ಟನ್ ಹೇಳಿದ್ದರು. ಅವಳಿಗೆ ಆ ಕೆಲಸ ಚೆನ್ನಾಗಿ ಒಗ್ಗಿತು. ಅಳಿಸಿಕೊಂಡು ಬದುಕುವುದು ತನಗೆ ಮೊದಲಿನಿಂದ ಗೊತ್ತಿದ್ದ ವಿದ್ಯೆಯೇ ಎಂದು ಅನ್ನಿಸಿತ್ತು.

ಕ್ಯಾಪ್ಟನ್ ಅಂದರೆ ಆಫೀಸಿನ ಯಜಮಾನರು. ವಿಮಾನ ಹತ್ತಲು ಹೆದರಿ ಸ್ವಂತ ಅಣ್ಣನ ಮದುವೆಗೆ ರೈಲಿನಲ್ಲಿ ಹೋಗಿ, ಮದುವೆ ಮುಗಿದ ಮೇಲೆ ತಲುಪಿದವರು; ಆವತ್ತಿನಿಂದ ಮನೆಯವರು ಇಟ್ಟ ಹೆಸರು ಆಫೀಸಿಗೂ ಬಂತು. ಹಿಂದೊಮ್ಮೆ ಹಲ್ಲಿನ ಆಸ್ಪತ್ರೆಯಾಗಿದ್ದ ಜಾಗ ಅದು. ಮೂಲೆಯಲ್ಲಿ ಇನ್ನೂ ಬಾಯಿ ಮುಕ್ಕಳಿಸುವ ಸಿಂಕಿದೆ, ಅದರಲ್ಲಿ ಕಾಫಿ ಲೋಟ ತೊಳೆಯುತ್ತಾರೆ. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಹಗಲಿಡೀ ಕತ್ತಲಲ್ಲಿ ಕೂತು ಹೊರಗಿನ ಬಿಸಿಲನ್ನು ಕಂಪ್ಯೂಟರಿನ ಪರದೆಯ ಮೇಲೆ ಬಿಡಿಸುವುದು. ಪಕ್ಕದ ಮೇಜಿನವನು ಮರಗಳನ್ನು ಮಾತ್ರ ಮಾಡುವವನು, ಅದಕ್ಕೇ ಮರದಣ್ಣ. ಇವಳು ಒಳಗೆ ಬರುತ್ತಲೇ ಕ್ಯಾಪ್ಟನ್, ಹದ್ದು ಏನಂತಮ್ಮ, ಅಂತ ಕೇಳಿದರು. ಹದ್ದು ಅಂದರೆ ತಮ್ಮ. ಊರು ಮಾರಾಟಕ್ಕೆ ಹೋಗುವ ಮುಂಚೆ ತಪ್ಪು ಹುಡುಕಿಕೊಡಲು ಕೆಲವರಿಗೆ ಪ್ರತಿ ಕಳಿಸುತ್ತಾರೆ, ಅವರಲ್ಲಿ ಅವನೂ ಒಬ್ಬ. ಅವನ ಕಣ್ಣಿಗೆ ಬೀಳದ ತಪ್ಪಿಲ್ಲ. ಸೇತುವೆಯ ಕಂಬ ಒಂದು ಕಡಿಮೆ, ಆಸ್ಪತ್ರೆಯ ನೆರಳು ತಪ್ಪು ದಿಕ್ಕಿಗೆ, ಹೀಗೆ. ಒಂದಿನ ಕರ್ಕೊಂಡು ಬಾ, ಟೀ ಕುಡಿಸೋಣ, ಅನ್ನುತ್ತಾರೆ ಕ್ಯಾಪ್ಟನ್. ಪರೀಕ್ಷೆಗೆ ಓದ್ತಿದ್ದಾನೆ ಸರ್, ಅನ್ನುತ್ತಾಳೆ ಅವಳು. ಯಾವ ಪರೀಕ್ಷೆ ಎಂದು ಯಾರೂ ಕೇಳಿಲ್ಲ. ಕೇಳಿದರೆ ಏನು ಹೇಳುವುದು ಎಂದು ದಿನವೂ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳುತ್ತಾಳೆ.

ಅವನ ಆ ಕಣ್ಣನ್ನೇ ನಂಬಿ ಅವಳು ಟ್ಯಾಂಕನ್ನು ತಪ್ಪಾಗಿ ಇಟ್ಟಿದ್ದು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಎಲ್ಲರೂ ಕೆಳಗೆ ಹೋದಾಗ, ಡಬ್ಬಿ ತೆರೆಯದೆ, ತಾವಿರುವ ಮನೆಯನ್ನೇ ಆ ಊರಿನೊಳಗೆ ಕಟ್ಟಿದ್ದಳು. ಅದು ರನ್‌ವೇಗೆ ಇಳಿಯುವ ದಾರಿಯ ಪಕ್ಕಕ್ಕೆ ಬೀಳುವ ಬಡಾವಣೆ. ಅಲ್ಲಿ ಒಂದೊಂದು ಮನೆಯನ್ನೂ ಮಾಡುವ ಪದ್ಧತಿಯಿಲ್ಲ. ಉಪಗ್ರಹದಿಂದ ತೆಗೆದ ಊರಿನ ಫೋಟೋವನ್ನು ನೆಲಕ್ಕೆ ಚಾಪೆಯಂತೆ ಹಾಸುತ್ತಾರೆ, ಅದರ ಮೇಲೆ ಯಂತ್ರವೇ ತನಗೆ ತೋಚಿದ ಮನೆಗಳನ್ನು ಎಬ್ಬಿಸುತ್ತ ಹೋಗುತ್ತದೆ. ನಮ್ಮದೇ ಮನೆ ಇಡಬೇಕಾದರೆ ಆ ಸೈಟಿನ ಸುತ್ತ ಮೊದಲು ಒಂದು ಬೇಲಿ ಎಳೆಯಬೇಕು, ಇದರೊಳಗೆ ನೀನು ಏನೂ ಎಬ್ಬಿಸಬೇಡ ಎಂದು ಯಂತ್ರಕ್ಕೆ ಹೇಳಿದಂತೆ. ಬೇಲಿ ಎಳೆದಳು. ಗೋಡೆ, ತಾರಸಿ, ಬಟ್ಟೆ ಒಣಗಿಸುವ ತಂತಿ, ಅಮ್ಮನ ನೀಲಿ ಟಬ್ಬು, ಕೂತರೆ ಒಂದು ಕಡೆಗೆ ವಾಲುವ ಕುರ್ಚಿ. ಎಲ್ಲ ಇದ್ದ ಹಾಗೇ. ಟ್ಯಾಂಕು ಮಾತ್ರ ಮೆಟ್ಟಿಲ ಕಡೆ ಇರುವುದನ್ನು ರಸ್ತೆ ಕಡೆಗೆ ಸರಿಸಿಟ್ಟಳು. ಅವನು ನೋಡುತ್ತಾನೆ, ತಪ್ಪಲ್ಲವಾ ಅನ್ನಿಸುತ್ತದೆ, ಖಾತ್ರಿಯಿಲ್ಲದೆ ತಪ್ಪು ಅನ್ನುವ ಜಾಯಮಾನ ಅವನದಲ್ಲ. ಖಾತ್ರಿ ಮಾಡಿಕೊಳ್ಳಲು ಬಾಗಿಲು ತೆಗೆಯಬೇಕು, ಹಜಾರ ದಾಟಬೇಕು, ಮೆಟ್ಟಿಲು ಹತ್ತಬೇಕು. ತಾರಸಿಯ ಮೇಲೆ ನಿಲ್ಲಬೇಕು, ಆಕಾಶದ ಕೆಳಗೆ, ಎಷ್ಟೋ ಕಾಲದ ಮೇಲೆ. ಇಷ್ಟು ಮಾಡಿ ಹೋದ ವಾರ ಪ್ರತಿ ಕಳಿಸಿದ್ದಳು. ಆಮೇಲಿನಿಂದ ಮನೆಗೆ ಹೋದ ತಕ್ಷಣ ತಾರಸಿಯ ಬಾಗಿಲ ಚಿಲಕ ನೋಡುತ್ತಾಳೆ. ಅವಳು ಬೆಳಿಗ್ಗೆ ಹಾಕಿದ ಹಾಗೇ ಇರುತ್ತದೆ.

ಇವತ್ತು ಹನ್ನೊಂದರ ಹೊತ್ತಿಗೆ ಕ್ಯಾಪ್ಟನ್ ಎಲ್ಲರನ್ನೂ ಕರೆದರು. ಗೋಡೆಯ ಮೇಲೆ ದೊಡ್ಡದಾಗಿ ಊರು ಮೂಡಿತು. ಅವರೇ ವಿಮಾನ ಹಾರಿಸಿಕೊಂಡು ಬಂದರು. ಕೆರೆ, ಸೇತುವೆ, ಆಸ್ಪತ್ರೆ, ಎಲ್ಲ ಎಣ್ಣೆ ಹಚ್ಚಿದಂತೆ ಜಾರಿದವು. ರನ್‌ವೇ ಕಡೆ ತಿರುಗುವಾಗ ಚಿತ್ರ ತೊದಲಿತು. ಒಂದು ಚಣ ನಿಂತು, ಎಗರಿ, ಮತ್ತೆ ನಿಂತಿತು. ವಾಪಸು ಹೋಗಿ ಬಂದರು, ಅದೇ ಜಾಗದಲ್ಲಿ ಅದೇ ತೊದಲು. ಇಲ್ಲೇನೋ ಭಾರ ಇದೆ, ಅನ್ನುತ್ತ ಕ್ಯಾಪ್ಟನ್ ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸಿ, ಕೆಳಗಿನ ಮನೆಗಳನ್ನು ಒಂದೊಂದೇ ಮುಟ್ಟಿ ನೋಡತೊಡಗಿದರು. ಮನೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಗೋಡೆ ತುಂಬ ತಾರಸಿಯೇ ಆಯಿತು. ತಂತಿಯ ಮೇಲೆ ಅಮ್ಮನ ಸೀರೆ. ಕತ್ತಲ ಕೋಣೆಯಲ್ಲಿ ಇಷ್ಟು ಜನ ನಮ್ಮ ತಾರಸಿಗೆ ಹತ್ತಿ ಬಂದು ನಿಂತಿದ್ದಾರೆ ಅನ್ನಿಸಿ, ಒಣಹಾಕಿದ ಒಳಬಟ್ಟೆಗಳನ್ನು ತಾನು ಮಾಡಲಿಲ್ಲ ಸದ್ಯ ಎಂದು ಯೋಚನೆ ಹೋಯಿತು, ಅದಕ್ಕೂ ನಾಚಿಕೆಯಾಯಿತು.

"ಬಟ್ಟೆ ಕ್ಲಿಪ್ಪಿಗೂ ಸ್ಪ್ರಿಂಗ್ ಇಟ್ಟಿದ್ದಾರಲ್ಲಪ್ಪ," ಅಂದರು ಕ್ಯಾಪ್ಟನ್. "ನಮ್ಮ ಏರ್‌ಪೋರ್ಟಿನ ಬಾಗಿಲಿಗೇ ಹಿಡಿ ಇಲ್ಲ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು. ಅವಳೂ ಸ್ವಲ್ಪ ನಕ್ಕಳು, ನಗದಿದ್ದರೆ ಗೊತ್ತಾದೀತೆಂದು. ಇದು ಯಾರ ಕೈಕೆಲಸ ಎಂದು ಕೇಳಿದಾಗ ಕೈ ಅರ್ಧ ಎತ್ತಿದಳು. ಯಾರ ಮನೆಯಮ್ಮ ಇದು, ಅಂದರು ಕ್ಯಾಪ್ಟನ್, ಗದರುವ ದನಿಯಲ್ಲಲ್ಲ, ನಿಜಕ್ಕೂ ತಿಳಿಯುವ ಕುತೂಹಲದಿಂದ. ಮರದಣ್ಣ ನಡುವೆ ಬಾಯಿ ಹಾಕಿ, ಯಾರದೋ ಮನಸ್ಸಿಗೆ ಬೇಕಾದದ್ದು ಇದ್ದರೆ ಇರಲಿ ಬಿಡಿ ಸರ್, ಸ್ವಲ್ಪ ಹಗುರ ಮಾಡಿದರಾಯಿತು, ನಾನೂ ನಮ್ಮಜ್ಜಿ ನೆಟ್ಟ ಮರವನ್ನು ಬಸ್ ನಿಲ್ದಾಣದ ಹಿಂದೆ ಇಟ್ಟಿದ್ದೇನೆ, ಅಂದ. ಕ್ಯಾಪ್ಟನ್ ನಗುತ್ತ ಅವಳ ಕಡೆಗೇ ನೋಡುತ್ತಿದ್ದರು. ಹೇಳಿಬಿಡಲು ಬಾಗಿಲು ಪೂರ್ತಿ ತೆರೆದಿತ್ತು. ನಮ್ಮ ಮನೆ ಸರ್, ಎಂಬ ಮೂರು ಮಾತು. ಅಂದರೆ ಮುಂದೆ ಬರುವುದು ಗೊತ್ತಿತ್ತು. ಓಹೋ ಹದ್ದಿನ ಗೂಡಾ, ಹದ್ದು ಯಾವ ಕೋಣೆಯಲ್ಲಿರುತ್ತೆ, ಇಷ್ಟು ಹತ್ತಿರ ಇದ್ದೂ ಯಾಕೆ ಒಂದಿನ ಬರಲ್ಲ. ಎಲ್ಲರ ಮುಖವೂ ತನ್ನ ಕಡೆ ತಿರುಗಿದ್ದು ಕತ್ತಲಲ್ಲೂ ಕಂಡಿತು.

"ಗೊತ್ತಿಲ್ಲ ಸರ್," ಅಂದಳು. "ಯಾರದೋ ಮನೆ. ಸುಮ್ನೆ ಮಾಡ್ದೆ."

ಹಾಗಿದ್ದರೆ ತೆಗೆದುಬಿಡು, ಸಂಜೆ ಹೊಸ ಪ್ರತಿ ಪರೀಕ್ಷಕರಿಗೆ ಹೋಗಬೇಕು, ಅಂದರು ಅವರು. ವಿಮಾನ ಮುಂದಕ್ಕೆ ಹೋಯಿತು. ಅವಳು ಮೇಜಿಗೆ ಮರಳಿ ಮನೆಯ ಮೇಲೆ ಒತ್ತಿದಳು. ಅದರ ಸುತ್ತ ಹಳದಿ ಗೆರೆ ಮೂಡಿತು, ತೆಗೆಯಲೇ ಎಂದು ಯಂತ್ರ ಕೇಳಿತು. ಹೌದು ಅಂದಳು. ಅದು ಇನ್ನೊಮ್ಮೆ ಕೇಳಲಿಲ್ಲ. ಇನ್ನೊಮ್ಮೆ ಕೇಳಿದ್ದರೆ, ಎಂದು ಮಧ್ಯಾಹ್ನವೆಲ್ಲ ಅಂದುಕೊಂಡಳು, ಇನ್ನೊಮ್ಮೆ ಕೇಳಿದ್ದರೂ ಹೌದು ಅನ್ನುತ್ತಿದ್ದೆ. ಕಣ್ಣು ತುಂಬಿ ಪರದೆ ಮಸುಕಾಗಿತ್ತು, ಆ ಜಾಗವನ್ನು ತಿರುಗಿ ನೋಡದೆ ಫೈಲು ಮುಚ್ಚಿದ್ದಳು. ಚಿಕ್ಕವಳಾಗಿದ್ದಾಗ ಒಮ್ಮೆ ಶಾಲೆಯ ಗೇಟಿನಲ್ಲಿ ಪ್ಯಾಂಟು ಒದ್ದೆ ಮಾಡಿಕೊಂಡ ತಮ್ಮ, ಅಕ್ಕಾ ಎಂದು ಕೂಗಿದಾಗ, ಜೊತೆಗಿದ್ದ ಹುಡುಗಿಯರ ಮುಂದೆ ಇವಳು ನೇರ ನಡೆದು ಹೋಗಿದ್ದಳು. ಅವನು ಮನೆಯಲ್ಲಿ ಹೇಳಲಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿ, ನಿಂಗೆ ಕೇಳಿಸ್ಲಿಲ್ಲ ಅಲ್ವಾ ಅಕ್ಕ, ಅಂದಿದ್ದ. ಮರದಣ್ಣ ಸದ್ದಿಲ್ಲದೆ ಒಂದು ಲೋಟ ಕಾಫಿ ತಂದು ಅವಳ ಮೇಜಿನ ಮೇಲಿಟ್ಟು ಹೋದ. ಕುಡಿಯಲು ನೆನಪಾದಾಗ ಕೆನೆ ಕಟ್ಟಿತ್ತು.

ಮನೆಗೆ ಬರುವ ಹೊತ್ತಿಗೆ ಇನ್ನೂ ಬೆಳಕಿತ್ತು. ಅಮ್ಮ ತರಕಾರಿ ಹೆಚ್ಚುತ್ತ ಕೂತಿದ್ದಳು. ತಮ್ಮನ ಕೋಣೆಯ ಬಾಗಿಲು ಒಂದು ಅಂಗೈಯಗಲ ತೆರೆದಿತ್ತು, ಅಪರೂಪಕ್ಕೆ. ಅವಳಿಗಾಗಿ ಕಾಯುತ್ತಿದ್ದನೋ ಏನೋ, ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ. ಗಡ್ಡದೊಳಗೆ ಮುಖ ಸಣ್ಣದಾಗಿ ಕಂಡಿತು. ಊರಿನ ಹೊಸ ಪ್ರತಿ ಬಂತು, ಡೌನ್‌ಲೋಡ್ ಆಗ್ತಾ ಇದೆ, ಅಂದ. ಅವನ ಹೆಗಲಾಚೆ ಪರದೆಯ ಮೇಲೆ ನೀಲಿ ಪಟ್ಟಿಯೊಂದು ಬಲಕ್ಕೆ ತೆವಳುತ್ತಿತ್ತು. ಈಗ ಹೇಳಬೇಕು. ಹೇಳಲು ಹೊರಟವಳ ಬಾಯಲ್ಲಿ ಬೇರೆಯೇ ಬಂತು.

"ಹಳೇದರಲ್ಲಿ ನಮ್ಮ ಮನೆ ನೋಡಿದ್ಯಾ?"

"ದಿನಾ ನೋಡ್ತೀನಿ. ಬೆಳಿಗ್ಗೆ ಎದ್ದ ತಕ್ಷಣ ಅದರ ಮೇಲೇ ಒಂದು ಸುತ್ತು."

"ಏನೂ ಹೇಳ್ಲೇ ಇಲ್ವಲ್ಲ ನೀನು. ಎಲ್ಲ ಸರಿಯಿತ್ತಾ?"

ಅವನು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟ. ಅದನ್ನು ಅಂಚಿಗೆ ಸರಿಯಾಗಿ ಹೊಂದಿಸಿದ.

"ಟ್ಯಾಂಕು ರಸ್ತೆ ಕಡೆ ಇದೆ. ಮೊದಲನೇ ಸುತ್ತಲ್ಲೇ ಕಾಣಿಸ್ತು." ಸ್ವಲ್ಪ ನಕ್ಕ. "ನಾನು ಮೇಲೆ ಹತ್ತಿ ನೋಡ್ಲಿ ಅಂತ ತಾನೆ ಇಟ್ಟಿದ್ದು? ಇಲಿಗೆ ಬೋನು ಇಡೋ ಹಾಗೆ."

ಅವಳು ಅವನ ಕಾಲ ಬೆರಳುಗಳನ್ನು ನೋಡುತ್ತ ನಿಂತಳು. ಬಿಸಿಲು ಕಾಣದೆ ಬೆಳ್ಳಗಾಗಿದ್ದವು. ಉಗುರು ಬೆಳೆದಿತ್ತು.

"ಹೋಗಿದ್ದೆ ಅಕ್ಕ," ಅಂದ ಅವನು. "ನೀನು ಆಫೀಸಿಗೆ ಹೋದ್ಮೇಲೆ, ಅಮ್ಮ ಅಂಗಡಿಗೆ ಹೋಗಿದ್ಲು. ಮೆಟ್ಟಿಲ ತನಕ ಹೋದೆ. ಮೇಲೆ ಆ ಬಾಗಿಲ ಸಂದಿಯಿಂದ ಬೆಳಕು ಬರ್ತಿತ್ತು. ಅಷ್ಟೇ. ವಾಪಸು ಬಂದ್ಬಿಟ್ಟೆ. ಆಗಲ್ಲ ನಂಗೆ. ಸುಳ್ಳು ಹೇಳಿ ನಿಂಗೆ ಆಸೆ ಹುಟ್ಟಿಸ್ಬಾರ್ದು ಅಂತ ಸುಮ್ಮನಿದ್ದೆ."

ಇರಲಿ ಬಿಡು ಅಂದಳೋ, ಅಂದುಕೊಂಡಳೋ, ಅವಳಿಗೇ ಕೇಳಿಸಲಿಲ್ಲ. ನೀಲಿ ಪಟ್ಟಿ ಮುಕ್ಕಾಲು ದಾಟಿತ್ತು. ಅವನು ಬಾಗಿಲನ್ನು ಮುಚ್ಚಲು ಹಿಡಿದು, ಹಾಗೇ ತಡೆದ.

"ಆದ್ರೆ ಅದನ್ನ ಸರಿ ಮಾಡ್ಬೇಡ. ಟ್ಯಾಂಕು ಅಲ್ಲೇ ಇರ್ಲಿ. ಅದೊಂದು ತಪ್ಪಿರೋದಕ್ಕೇ ನಂಗೆ ಅದನ್ನ ನೋಡೋಕಾಗೋದು. ನಮ್ಮನೆ ಅಲ್ಲ ಅದು, ಯಾರದೋ ಮನೆ. ಅಲ್ಲಿರೋರೆಲ್ಲ ಈಗಷ್ಟೇ ಎಲ್ಲೋ ಹೊರಗೆ ಹೋಗಿದ್ದಾರೆ ಅನ್ಸುತ್ತೆ."

ಯಾರದೋ ಮನೆ. ಬೆಳಿಗ್ಗೆ ತನ್ನ ಬಾಯಿಂದ ಬಿದ್ದ ಮಾತನ್ನು ಅವನು ಎತ್ತಿ, ಒರೆಸಿ, ಕೈಗೆ ಕೊಟ್ಟ ಹಾಗಿತ್ತು. ಹೇಳಬೇಕು. ತೆಗೆದುಬಿಟ್ಟೆ ಕಣೋ, ತೆಗೆಸಿಬಿಟ್ಟರು, ನಾನು ನಮ್ಮದು ಅನ್ನಲಿಲ್ಲ. ಅಷ್ಟರಲ್ಲಿ ಅಮ್ಮ ಒಳಗಿಂದ, ಮಾತು ಆಮೇಲಾಡಿ, ತಾರಸಿಯ ಮೇಲಿನ ಬಟ್ಟೆ ತಂದುಬಿಡು, ಮಂಜು ಬಿದ್ದರೆ ಮತ್ತೆ ಒದ್ದೆ, ಎಂದು ಕೂಗಿದಳು. ಹೂಂ, ಅಂದಳು ಅವಳು, ಎಷ್ಟು ಬೇಗ ಅಂದರೆ ಆ ಬೇಗಕ್ಕೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹಿಂದೆ ಬಾಗಿಲು ಮುಚ್ಚಿದ ಸದ್ದು ಮೆಲ್ಲಗೆ ಬಂತು.

ತಾರಸಿಯ ಮೇಲೆ ಬಟ್ಟೆಗಳು ಗರಿಗರಿಯಾಗಿ ಒಣಗಿದ್ದವು. ಒಂದೊಂದೇ ಕ್ಲಿಪ್ಪು ತೆಗೆದು ನೀಲಿ ಟಬ್ಬಿಗೆ ಹಾಕುತ್ತ ಹೋದಳು. ಟ್ಯಾಂಕು ಮೆಟ್ಟಿಲ ಕಡೆ ಇತ್ತು, ಕರ್ರಗೆ, ಎಂದಿನಂತೆ. ಮುಟ್ಟಿದಳು, ಹಗಲಿನ ಬಿಸಿ ಇನ್ನೂ ಇತ್ತು. ಅವನ ಕೋಣೆ ಸರಿಯಾಗಿ ಕಾಲ ಕೆಳಗೆ. ತೆರೆದ ಕಿಟಕಿಯಿಂದ ಎಂಜಿನ್ನಿನ ಸದ್ದು ಹೊರಟಿತು, ಮೊದಲು ಗೊಗ್ಗರಾಗಿ, ಆಮೇಲೆ ಹೆಚ್ಚಿ, ನೆಲ ಬಿಟ್ಟಿತು. ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾನೆ. ನೋಡುತ್ತಾನೆ. ಮನೆ ಇಲ್ಲದ ಕಡೆ ಯಂತ್ರ ಎಬ್ಬಿಸಿದ ಇನ್ಯಾವುದೋ ಮನೆ ಇರುತ್ತದೆ, ಕೆಂಪು ಹೆಂಚಿನದೋ ಏನೋ, ಎಲ್ಲದರಂತೆ ಅದೂ ಒಂದು. ದಾರಿ ತಪ್ಪಿದೆ ಅಂದುಕೊಳ್ಳಬಹುದು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಕ್ಲಿಪ್ಪು ತೆಗೆಯುತ್ತಿದ್ದ ಕೈ ನಿಂತಿತು. ಬೇಲಿ. ಮನೆಯನ್ನು ತೆಗೆದಿದ್ದಳು, ಬೇಲಿಯನ್ನು ತೆಗೆದಿರಲಿಲ್ಲ. ಬೇಲಿ ಇರುವ ತನಕ ಅಲ್ಲಿ ಏನೂ ಏಳುವುದಿಲ್ಲ. ಸುತ್ತಲಿನ ಮನೆಗಳೆಲ್ಲ ನಿಂತಿರುತ್ತವೆ, ನಡುವೆ ಇದೊಂದೇ ಸೈಟು ಖಾಲಿ, ನೆಲಕ್ಕೆ ಹಾಸಿದ ಫೋಟೋ ಮಾತ್ರ. ಆ ಫೋಟೋದಲ್ಲಿ ತಾರಸಿ ಚಪ್ಪಟೆಯಾಗಿ ಮಲಗಿದೆ. ಅದರ ಮೆಟ್ಟಿಲ ಕಡೆಯ ಮೂಲೆಯಲ್ಲಿ, ಇರಬೇಕಾದಲ್ಲೇ, ಒಂದು ಕಪ್ಪು ಚುಕ್ಕೆ, ಟ್ಯಾಂಕು. ಯಾವ ತಪ್ಪೂ ಇಲ್ಲದೆ.

ಸದ್ದು ಬಂತು. ತೂಗತೊಡಗಿತು. ಏರಿತು, ಇಳಿಯಿತು, ಮತ್ತೆ ಏರಿತು. ಸುತ್ತು ಸಣ್ಣದಾಗುತ್ತಿತ್ತು, ಅವಳಿಗೆ ಗೊತ್ತಾಯಿತು, ಎತ್ತರವೂ ಕಡಿಮೆಯಾಗುತ್ತಿತ್ತು. ಹುಡುಕುತ್ತಿದ್ದಾನೆ. ಇನ್ನೊಂದು ಸುತ್ತು. ಈಗ ನಿಲ್ಲಿಸುತ್ತಾನೆ, ಬಾಗಿಲು ತೆಗೆಯುತ್ತಾನೆ, ಏನು ಮಾಡಿದೆಯೇ ಎಂದು ಕೇಳಲಾದರೂ ಮೆಟ್ಟಿಲು ಹತ್ತುತ್ತಾನೆ, ಹತ್ತಲಿ, ಬೈಯಲಿ, ಎಂದು ಅವಳು ಟಬ್ಬನ್ನು ಸೊಂಟಕ್ಕೆ ಒತ್ತಿಕೊಂಡು ಬಾಗಿಲ ಸಂದಿಯನ್ನೇ ನೋಡಿದಳು. ಮೇಲೆ ಆಕಾಶದಲ್ಲಿ ಏನೂ ಇರಲಿಲ್ಲ, ಒಂದು ಹಕ್ಕಿ ಸಹ. ಆದರೂ ಯಾರೋ ಮೇಲಿನಿಂದ ನೋಡುತ್ತಿದ್ದರೆ ಕಾಣಿಸಲಿ ಅನ್ನುವಂತೆ, ತನಗೇ ತಿಳಿಯದೆ, ತಾರಸಿಯ ನಡುವಿಗೆ ಬಂದು ನಿಂತಿದ್ದಳು.

ಆಗ ಸದ್ದು ತೂಗುವುದನ್ನು ನಿಲ್ಲಿಸಿತು. ಎಂಜಿನ್ನು ನಿಂತಿರಲಿಲ್ಲ. ಕಾದಳು. ಅದು ಗೆರೆ ಎಳೆದಂತೆ ಒಂದೇ ಸಮ ಹರಿಯತೊಡಗಿತು, ಎಲ್ಲೂ ತಿರುಗದೆ. ಯಾವ ದಿಕ್ಕಿಗೆ ಹೋದರೂ ತಾವು ಮಾಡಿದ ಊರು ಸ್ವಲ್ಪ ದೂರದಲ್ಲೇ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ರಸ್ತೆಯಿಲ್ಲ, ಮನೆಯಿಲ್ಲ, ಮರದಣ್ಣನ ಮರಗಳಿಲ್ಲ, ಬರೀ ಒಂದೇ ಬಣ್ಣದ ನೆಲ, ಅವನಿಗೆ ಹಸಿರೋ ಕಂದೋ ಹೇಳಲಾಗದ ಬಣ್ಣ. ಬಟ್ಟೆ ತಂದ್ಯಾ, ಎಂದು ಕೆಳಗಿನಿಂದ ಅಮ್ಮ ಕೂಗಿದಳು. ತಂದೆ, ಅಂದಳು ಅವಳು, ನಿಂತಲ್ಲೇ. ಸದ್ದು ಅವಳ ಕಾಲ ಕೆಳಗೇ ಇತ್ತು, ದೂರ ಹೋಗುತ್ತಲೇ ಇತ್ತು.